ಹಿಂದಕ್ಕೆ ಹೋದ ಫಟಫಟಿ

ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ನನ್ನ ಗಂಡನ ಪ್ಯಾಂಟು ಕದ್ದೆ. ಕದ್ದೆ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಮನೆಯ ಬಟ್ಟೆಯನ್ನೆಲ್ಲ ಒಗೆದು, ಮಡಚಿ, ಕಪಾಟಿನಲ್ಲಿಡುವವಳು ನಾನೇ ಆದ್ದರಿಂದ ಅದು ಹೇಗೂ ನನ್ನ ವಶದಲ್ಲೇ ಇದ್ದ ವಸ್ತು. ಆದರೂ ಕೇಳದೆ ತೆಗೆದುಕೊಂಡದ್ದು ನಿಜ. ಸೊಂಟದ ಗುಂಡಿ ಕೂಡದೆ ಎರಡು ಪಿನ್ನು ಚುಚ್ಚಿಕೊಂಡದ್ದೂ ನಿಜ. ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ನಾನು ಒಂದು ದಿನವೂ ಸೀರೆ ಬಿಟ್ಟು ಬೇರೆ ಉಟ್ಟು ಹೊಸ್ತಿಲು ದಾಟಿದವಳಲ್ಲ. ಗೇರಿಲ್ಲದ ಸ್ಕೂಟರನ್ನು ಸೀರೆಯಲ್ಲೇ ಓಡಿಸಿಕೊಂಡು ಶಾಲೆಗೆ ಹೋಗಿಬಂದೆ. ಅಂಥವಳು ಆ ದಿನ ಕನ್ನಡಿಯ ಮುಂದೆ ನಿಂತು ನೋಡಿಕೊಂಡರೆ, ಹಳ್ಳಿಯ ನಾಟಕದಲ್ಲಿ ಮಾತಿಲ್ಲದ ಪೊಲೀಸ್ ಪಾತ್ರಕ್ಕೆ ಕೊನೆಯ ಗಳಿಗೆಯಲ್ಲಿ ಸಿಕ್ಕಿದ ಮನುಷ್ಯನಂತೆ ಕಂಡೆ. ಈ ಅವತಾರವೆಲ್ಲ ಯಾಕೆಂದರೆ, ನಾನು ಅಪ್ಪನ ಫಟಫಟಿ ಹತ್ತಬೇಕಾಗಿತ್ತು.

ನಮ್ಮ ಕಡೆ ಹಿಂದೆ ಮೋಟರ್‌ಸೈಕಲ್ಲಿಗೆ ಫಟಫಟಿ ಅನ್ನುತ್ತಿದ್ದರು. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ‘ನಮ್ಮ ಮನೆಯಲ್ಲೂ ಅದೇ ಇತ್ತು’ ಎಂದು ನಿಮ್ಮ ಕತೆ ಶುರು ಮಾಡುತ್ತೀರಿ, ನನ್ನದು ಇಲ್ಲೇ ಉಳಿಯುತ್ತದೆ. ಅಪ್ಪ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕಿದ್ದರು. ಊರೂರು ತಿರುಗಿ, ಹೊಲದಲ್ಲಿ ನಿಂತು, ಎಲೆಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಮಾಲು ಹೇಗಿದೆ ಎಂದು ಹೇಳುವುದು ಅವರ ಕೆಲಸ. ಅದಕ್ಕಾಗಿ ತೆಗೆದುಕೊಂಡ ಗಾಡಿ ಅದು. ನಮ್ಮೂರು ಭೋಜಕ್ಕೆ ಬಂದ ಮೊದಲ ನಾಲ್ಕೈದು ಫಟಫಟಿಗಳಲ್ಲಿ ಅದೂ ಒಂದು. ಅಪ್ಪ ಸಂಜೆ ಮನೆಗೆ ಬಂದರೆ ಮೊದಲು ಸಪ್ಪಳ ಬರುತ್ತಿತ್ತು, ಆಮೇಲೆ ಹೊಗೆ, ಆಮೇಲೆ ತಂಬಾಕಿನ ಘಾಟು, ಕಡೆಗೆ ಅಪ್ಪ.

ಭಾನುವಾರ ಅವರು ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಬಿಚ್ಚುತ್ತಿದ್ದರು. ಪ್ಲಗ್ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದರ ಕರಿ ತಿಕ್ಕಿ, ಪೆಟ್ರೋಲಿನಲ್ಲಿ ತೊಳೆದು, ಊದಿ ಕೊಡುವುದು ನನ್ನ ಕೆಲಸ. ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಹೊಟ್ಟೆ ಸರಿಯಿದೆಯೋ ಇಲ್ಲವೋ ಹೇಳುವುದನ್ನು ನನಗೆ ಕಲಿಸಿದ್ದು ಅಪ್ಪನೇ. ನನಗಿಂತ ನಾಲ್ಕು ವರ್ಷ ದೊಡ್ಡವನಾದ ನನ್ನ ಅಣ್ಣ, ಅವನಿಗೆ ನಾನು ದಾದಾ ಎನ್ನುತ್ತೇನೆ, ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿರುತ್ತಿದ್ದ. ಕರೆದರೂ ಹತ್ತಿರ ಬರುತ್ತಿರಲಿಲ್ಲ. ಯುವರಾಜನಿಗೆ ಕೈ ಕೊಳೆಯಾಗುತ್ತದೆ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ.

ಮುಂದೆ ಅಪ್ಪನ ಕಣ್ಣಿಗೆ ಪೊರೆ ಬಂತು. ಗಾಡಿ ಓಡಿಸುವುದು ಕಷ್ಟವಾಯಿತು. ಒಂದು ದಿನ ಊಟ ಮುಗಿಸಿ ಎದ್ದವರು ಕೀಲಿಯನ್ನು ದಾದಾನ ಕೈಗಿಟ್ಟು, “ಇನ್ನ ಮ್ಯಾಲ ನೀ ಹೊಡಿ” ಎಂದರು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ತಡೆಯಲಾರದೆ ಕೇಳಿಯೇಬಿಟ್ಟೆ.

“ನನಗೂ ಕಲಸ್ರಿ ಅಪ್ಪಾ.”

ಅಪ್ಪ ನಕ್ಕರು. ಕೆಟ್ಟ ನಗೆಯಲ್ಲ, ಪ್ರೀತಿಯದೇ. “ನಿನಗ್ಯಾಕವ್ವಾ ಇದು? ನಾಳೆ ನಿನ್ನ ಗಂಡ ಹೊಡೀತಾನ, ನೀ ಹಿಂದ ಕುಂದ್ರತಿ” ಎಂದರು.

ಎಲೆ ಮೂಸಿ ಮಾಲಿನ ಭವಿಷ್ಯ ಹೇಳುತ್ತಿದ್ದ ಅಪ್ಪ ಅಳಿಯನ ವಿಷಯದಲ್ಲಿ ಪೂರ್ತಿ ತಪ್ಪಿದರು. ನನ್ನ ಗಂಡ ಗಣಿತದ ಮಾಸ್ತರು. ವೇಗ, ದೂರ, ಕಾಲ ಈ ಮೂರರ ಮೇಲೆ ಎಂಥ ಲೆಕ್ಕ ಕೊಟ್ಟರೂ ಬಿಡಿಸುತ್ತಾರೆ. ತಾವು ಮಾತ್ರ ಕಾಲಿನಿಂದ ದೂರವನ್ನು ನಡೆದೇ ದಾಟಿದವರು. ಸೈಕಲ್ ಕಲಿಯಲು ಹೋಗಿ ಬಿದ್ದ ದಿನವೇ ಚಕ್ರದ ಸಹವಾಸ ಬಿಟ್ಟರಂತೆ. ಹಾಗಾಗಿ ನಮ್ಮ ಮನೆಗೆ ಕಾರು ತರುವ ಮಾತು ಬಂದಾಗ ಓಡಿಸುವವರು ಯಾರು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ.

ಮೊದಲ ಕಾರನ್ನು ಯಾರೂ ಮರೆಯುವುದಿಲ್ಲ ಎನ್ನುತ್ತಾರೆ. ನಾನಂತೂ ಮರೆಯಲು ಬಹಳ ಪ್ರಯತ್ನಪಟ್ಟೆ. ಅಥಣಿಯ ಡಾಕ್ಟರೊಬ್ಬರು ಹನ್ನೆರಡು ವರ್ಷ ಓಡಿಸಿ ದಣಿದು ಬಿಟ್ಟುಕೊಟ್ಟ ದುಂಡುಮೋರೆಯ ಬಿಳಿ ಕಾರು ಅದು. ಎಡಬದಿಯ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ನಮ್ಮ ಅತ್ತೆ ಅಲ್ಲಿಯೇ ಕೂಡುತ್ತಿದ್ದರು. ಯಾರಾದರೂ ಇಳಿದು ಸುತ್ತುಹಾಕಿ ಬಂದು ಬಾಗಿಲು ತೆರೆಯಬೇಕು. ಅವರಿಗೆ ಅದು ಬಹಳ ಸೇರಿತು, ರಿಪೇರಿ ಮಾಡಿಸಲು ಕೊನೆಯವರೆಗೂ ಒಪ್ಪಲಿಲ್ಲ. ಮಾಸ್ತರು ನನ್ನ ಪಕ್ಕ ಕೂಡುತ್ತಿದ್ದರು. ಅವರ ಕಾಲ ಕೆಳಗೆ ಬ್ರೇಕ್ ಇರಲಿಲ್ಲ, ಆದರೂ ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗಿ ಬರುವಷ್ಟರಲ್ಲಿ ಅವರು ಒತ್ತಿದಷ್ಟು ಬ್ರೇಕನ್ನು ನಾನು ಇಡೀ ಜನ್ಮದಲ್ಲಿ ಒತ್ತಿಲ್ಲ. ಮನೆಗೆ ಬಂದ ಮೇಲೆ ‘ಕಾಲು ನೋಯುತ್ತದೆ’ ಎಂದು ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು.

ನನಗೆ ಕಾರು ಕಲಿಸಿದ ಡ್ರೈವರ್ ಹನ್ನೆರಡೇ ದಿನಗಳಲ್ಲಿ ಕಲಿಸಿ ಮುಗಿಸಿದ. ಹದಿಮೂರನೆಯ ದಿನ ರಿವರ್ಸ್ ಹೇಳಿಕೊಡುವುದಿತ್ತು, ಅಷ್ಟರಲ್ಲಿ ಅವನಿಗೆ ಕಾಗವಾಡದ ಕಡೆ ಬೇರೆ ಕೆಲಸ ಸಿಕ್ಕಿ ಹೋದ. ಹೀಗಾಗಿ ಮೊದಲ ಮೂರು ತಿಂಗಳು ನನ್ನ ಕಾರು ಬರೀ ಮುಂದಕ್ಕೆ ಹೋಗುತ್ತಿತ್ತು. ಎಲ್ಲಿ ನಿಲ್ಲಿಸಿದರೂ ಮುಂದೆ ಹೋಗಲು ದಾರಿಯಿದೆಯೇ ಎಂದು ನೋಡಿಯೇ ನಿಲ್ಲಿಸುತ್ತಿದ್ದೆ. ಒಮ್ಮೆ ಅತ್ತೆ ಮತ್ತು ಮಾಸ್ತರ ಜೊತೆ ರಾಯಬಾಗಕ್ಕೆ ಮದುವೆಗೆಂದು ಹೋಗಿ, ಓಣಿ ತಪ್ಪಿ, ಮುಂದೆ ಮುಂದೆ ಹೋಗುತ್ತ ಒಬ್ಬರ ಅಂಗಳದಲ್ಲಿಯೇ ಓಣಿ ಮುಗಿದುಹೋಯಿತು. ಮುಂದೆ ಅವರ ತುಳಸಿಕಟ್ಟೆ. ಹಿಂದೆ ಕಾರಿನಷ್ಟೇ ಅಗಲದ ಓಣಿ. ಜೈನರ ಮನೆ, ಸೂರ್ಯ ಮುಳುಗುವ ಮೊದಲು ಊಟ ಮುಗಿಸಬೇಕೆಂದು ಎಲ್ಲರೂ ತಾಟಿನ ಮುಂದೆ ಕೂತಿದ್ದರು. ಮನೆಯ ಹಿರಿಯ ಹೆಣ್ಣುಮಗಳು ಹೊರಗೆ ಬಂದು, ಕಾರು ನೋಡಿ, ನನ್ನನ್ನು ನೋಡಿದರು.

“ನನಗ ಹಿಂದಕ್ಕ ಹೊಡ್ಯಾಕ ಬರಾಂಗಿಲ್ರಿ” ಎಂದೆ.

ಅವರು ಇದೇನು ದೊಡ್ಡ ವಿಷಯವೇ ಅಲ್ಲ ಎಂಬಂತೆ, “ಅದು ಆಮ್ಯಾಲ ನೋಡೂಣು. ಹೊತ್ತ ಮುಳಗತೈತಿ, ಮೊದಲ ಊಟಾ ಮಾಡ್ರಿ” ಎಂದರು.

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ನಾವು ಹೋಗಬೇಕಾಗಿದ್ದ ಮದುವೆಯಲ್ಲಿ ಅಷ್ಟು ಒಳ್ಳೆಯ ಊಟ ಸಿಗುತ್ತಿತ್ತೋ ಇಲ್ಲವೋ ತಿಳಿಯದು. ಉಂಡ ಮೇಲೆ ಆ ಮನೆಯ ಐದು ಜನ ಗಂಡಸರು ಕಾರನ್ನು ಕೈಯಿಂದಲೇ ನೂಕಿ ಓಣಿಯಿಂದ ಹೊರಗೆ ತಂದರು. ಒಳಗಿನಿಂದ ತೆರೆಯದ ಬಾಗಿಲಿನ ಹಿಂದೆ ನಮ್ಮ ಅತ್ತೆ ಪಲ್ಲಕ್ಕಿಯಲ್ಲಿ ಕೂತ ಹಾಗೆ ಕೂತಿದ್ದರು. ಮರುದಿನವೇ ನಾನು ರಿವರ್ಸ್ ಕಲಿತೆ.

ಆ ಕಾರು ಹೋಯಿತು, ಆಮೇಲೆ ಬಂದ ಇನ್ನೊಂದೂ ಹೋಯಿತು. ಅವುಗಳ ಮೇಲೆ ನನಗೆ ಪ್ರೀತಿ ಇತ್ತು, ಆಸೆ ಇರಲಿಲ್ಲ. ಆಸೆ ಇದ್ದದ್ದು ಭೋಜದ ತಂಬಾಕಿನ ಶೆಡ್ಡಿನಲ್ಲಿ ತಾಡಪತ್ರಿ, ಅಂದರೆ ಟಾರ್ಪಾಲು, ಹೊದ್ದು ನಿಂತಿದ್ದ ಫಟಫಟಿಯ ಮೇಲೆ. ಕೀಲಿ ಕೈಗೆ ಬಂದ ವರ್ಷದೊಳಗೇ ದಾದಾ ಅದನ್ನು ಮೂಲೆಗೆ ನಿಲ್ಲಿಸಿದ್ದ. ಕೇಳಿದರೆ ‘ಎಂಜಿನ್ ಜಾಮ್ ಆಗೇತಿ’ ಎನ್ನುತ್ತಿದ್ದ. ತವರಿಗೆ ಹೋದಾಗಲೆಲ್ಲ ನಾನು ತಾಡಪತ್ರಿ ಸರಿಸಿ ಒಮ್ಮೆ ನೋಡಿ ಬರುತ್ತಿದ್ದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಪ್ಲಗ್ ತಿಕ್ಕಿದವಳು ನಾನು, ಕೀಲಿ ಸಿಕ್ಕಿದ್ದು ಅವನಿಗೆ, ಸಿಕ್ಕ ಮೇಲಾದರೂ ನೆಟ್ಟಗೆ ಓಡಿಸಿದನೇ ಎಂದು. ಹೊಟ್ಟೆಕಿಚ್ಚು ನಲವತ್ತು ವರ್ಷ ಇಂಧನವಿಲ್ಲದೆ ಉರಿಯಬಲ್ಲದು ಎಂಬುದು ವಿಜ್ಞಾನ ಕಲಿಸಿದ ನಾನು ನನ್ನ ಮೇಲೆಯೇ ಮಾಡಿ ನೋಡಿದ ಪ್ರಯೋಗ.

ನಿವೃತ್ತಿಯಾದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಭೋಜಕ್ಕೆ ಹೋದೆ. ದಾದಾ ಕಬ್ಬಿಗೆ ನೀರು ಬಿಟ್ಟು ಆಗಷ್ಟೇ ಬಂದು ಕೂತಿದ್ದ.

“ದಾದಾ, ಅಪ್ಪನ ಫಟಫಟಿ ನನಗ ಕೊಡ” ಎಂದೆ. ಅವನು ಬೇಡ ಎನ್ನುತ್ತಾನೆ, ನಾನು ಹೀಗೆ ವಾದಿಸಬೇಕು, ಹಾಗೆ ವಾದಿಸಬೇಕು ಎಂದು ಬಸ್ಸಿನಲ್ಲಿ ಎಲ್ಲವನ್ನೂ ಸಜ್ಜುಮಾಡಿಕೊಂಡು ಬಂದಿದ್ದೆ.

“ಒಯ್ಯಿ” ಎಂದ ಅವನು.

ಅಷ್ಟೇ. ಅವನ ಮುಖದಲ್ಲಿ ಕೊಡುವವನ ಬೇಸರವಿರಲಿಲ್ಲ. ಬಹಳ ದಿನದಿಂದ ಮನೆಯಲ್ಲಿ ಠಿಕಾಣಿ ಹೂಡಿದ್ದ ನೆಂಟ ಹೊರಟು ನಿಂತಾಗ ಆಗುವಂಥ ಹಗುರ ಇತ್ತು. ಅವನ ಹೆಂಡತಿ, ನಮ್ಮ ವೈನಿ, ಚಹದ ಬಟ್ಟಲು ಹಿಡಿದು ಬಂದವಳು ಅವನನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ನಗು ಒರೆಸಿಕೊಂಡಳೆಂದು ನನಗಾಗ ತಿಳಿಯಲಿಲ್ಲ.

ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಅದರ ಮರಿಗಳಾಗುವವರೆಗೆ ಹತ್ತು ದಿನ ಕಾದು, ಟೆಂಪೋದಲ್ಲಿ ಹಾಕಿಸಿ, ನಿಪ್ಪಾಣಿಯ ದಸ್ತಗೀರ ಮಿಸ್ತ್ರಿಯವರ ಗ್ಯಾರೇಜಿಗೆ ಒಯ್ದೆ. ಹಳೆಯ ಗಾಡಿಗಳಿಗೆ ಅವರ ಕೈ ಒಳ್ಳೆಯದೆಂದು ಎಲ್ಲರೂ ಹೇಳಿದ್ದರು. ಎಪ್ಪತ್ತರ ಮನುಷ್ಯ, ಬಿಳಿ ಗಡ್ಡ, ಕೈಯ ಗೆರೆಗಳಲ್ಲೆಲ್ಲ ಗ್ರೀಸು. ಜೊತೆಗೆ ಮಾಸ್ತರೂ ಬಂದಿದ್ದರು. ಮಿಸ್ತ್ರಿ ಗಾಡಿಯನ್ನು ಒಂದು ಸುತ್ತು ನೋಡಿ, ಮಾಸ್ತರ ಕಡೆ ತಿರುಗಿ ಕೇಳಿದರು.

“ಎಷ್ಟ ವರ್ಷ ನಿಂತೈತ್ರಿ ಸರ್?”

ಮಾಸ್ತರು ನನ್ನ ಕಡೆ ನೋಡಿದರು. “ನಲವತ್ತು” ಎಂದು ನಾನು ಹೇಳಿದೆ.

“ಎಣ್ಣಿ ಯಾವ್ದ ಹಾಕ್ತಿದ್ರಿ ಸರ್?”

ಮಾಸ್ತರು ಮತ್ತೆ ನನ್ನ ಕಡೆ ನೋಡಿದರು. ಹೀಗೆ ಮಿಸ್ತ್ರಿಯ ಪ್ರಶ್ನೆ ಮಾಸ್ತರಿಗೆ ಬಡಿದು ನನ್ನ ಕಡೆ ಪುಟಿಯುವುದು, ನನ್ನ ಉತ್ತರ ಮಾಸ್ತರನ್ನು ದಾಟಿ ಮಿಸ್ತ್ರಿಗೆ ತಲುಪುವುದು, ಒಂದು ತಾಸು ನಡೆಯಿತು. ಬೆಳಕಿನ ಪ್ರತಿಫಲನ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕಡೆಗೆ ಮಿಸ್ತ್ರಿ ಪ್ಲಗ್ ಬಿಚ್ಚಿ, ತಮ್ಮಷ್ಟಕ್ಕೆ ನೋಡತೊಡಗಿದಾಗ ನಾನು ಕೈ ಚಾಚಿ ಇಸಿದುಕೊಂಡೆ. ತುದಿಯನ್ನು ಬಿಸಿಲಿಗೆ ಹಿಡಿದು, “ಎಣ್ಣಿ ಸ್ವಲ್ಪ ಹೆಚ್ಚ ಬಿದ್ದೈತಿ, ಆದ್ರ ಸುಟ್ಟಿಲ್ಲ. ಒಳಗ ಚಲೋ ಇದ್ದಂಗ ಕಾಣಸ್ತೈತಿ” ಎಂದೆ.

ಮಿಸ್ತ್ರಿ ಕೈ ಒರೆಸಿಕೊಂಡು ಎದ್ದರು. ಆಮೇಲೆ ಒಂದು ಸ್ಟೂಲು ತಂದು ತಮ್ಮ ಎದುರಿಗೆ ಹಾಕಿ, “ನೀವು ಇಲ್ಲಿ ಕುಂದರ್ರಿ ಬಾಯಾರ” ಎಂದರು, ಶಾಲೆಯ ಮಕ್ಕಳು ತಮ್ಮ ಟೀಚರನ್ನು ಕರೆಯುವ ಹಾಗೆ. ಮಾಸ್ತರ ಕಡೆ ತಿರುಗಿ, “ಸರ್, ಅಲ್ಲಿ ಚಹಾದಂಗಡಿ ಐತ್ರಿ” ಎಂದರು. ಮಾಸ್ತರು ಬಿಡುಗಡೆಯಾದವರಂತೆ ಹೋದರು.

ಅಂದಿನಿಂದ ವಾರಕ್ಕೆರಡು ದಿನ ನಾನು ಬಸ್ಸು ಹಿಡಿದು ಗ್ಯಾರೇಜಿಗೆ ಹೋಗತೊಡಗಿದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಮೂವತ್ತೊಂದು ವರ್ಷ ಪ್ರತಿ ವರ್ಷವೂ ನಾನು ಬೋರ್ಡಿನ ಮೇಲೆ ಎಂಜಿನ್ನಿನ ಚಿತ್ರ ಬರೆದಿದ್ದೇನೆ. ಸಿಲಿಂಡರ್ ಬಿಳಿ ಸೀಮೆಸುಣ್ಣದಲ್ಲಿ, ಪಿಸ್ಟನ್ ಹಳದಿಯಲ್ಲಿ, ಕಿಡಿ ಕೆಂಪಿನಲ್ಲಿ. ಎಷ್ಟು ಚೆಂದ ಬರೆಯುತ್ತಿದ್ದೆನೆಂದರೆ ಮುಂದಿನ ತರಗತಿಯವರು ಅಳಿಸಲು ಹಿಂಜರಿಯುತ್ತಿದ್ದರು. ಆದರೆ ನಿಜವಾದ ಎಂಜಿನ್ ನನ್ನ ಮುಂದೆ ನೂರು ತುಂಡಾಗಿ ಡೀಸೆಲ್ ತುಂಬಿದ ಕಬ್ಬಿಣದ ಬುಟ್ಟಿಯಲ್ಲಿ ಬಿದ್ದಾಗ, ಅದರಲ್ಲಿ ಯಾವುದಕ್ಕೂ ಬಾಣದ ಗುರುತು ಹಾಕಿ ಹೆಸರು ಬರೆದಿರಲಿಲ್ಲ. ಯಾವುದು ಏನೆಂದು ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಆ ಬುಟ್ಟಿಯ ಮುಂದೆ ಕೂತಾಗ ನನ್ನಿಂದ ಕಡಿಮೆ ಅಂಕ ಪಡೆದ ಎಷ್ಟೋ ಮಕ್ಕಳ ಮುಖ ನೆನಪಾಗಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಎಂಜಿನ್ ಬಿಚ್ಚಿದ ದಿನವೇ ಮಿಸ್ತ್ರಿ ಒಂದು ಮಾತು ಹೇಳಿದ್ದರು.

“ಜಾಮ್ ಆಗೇತಿ ಅಂದ್ರೆಲ್ರಿ ಬಾಯಾರ, ಎಲ್ಲೈತ್ರಿ ಜಾಮ್? ಪಿಸ್ಟನ್ ಕೈಲೆ ಒತ್ತಿದ್ರ ಸರೀತೈತಿ. ನಿಂತ ನಿಂತ ಜಂಗ್ ಹಿಡದೈತಿ ಅಷ್ಟ. ಕೆಟ್ಟ ನಿಂತ ಗಾಡಿ ಅಲ್ಲ ಇದು, ನಿಂತ ಕೆಟ್ಟದ್ದು.”

ಆಮೇಲೆ ಹಿಂದಿನ ಮಡ್‌ಗಾರ್ಡಿನ ಮೇಲೆ ಬೆರಳಾಡಿಸಿ ತೋರಿಸಿದರು. ಅದು ಒಳಕ್ಕೆ ಬಗ್ಗಿತ್ತು. ನಂಬರ್ ಪ್ಲೇಟು ಮಡಚಿತ್ತು. “ಮುಂದ ಒಂದು ಗೀರೂ ಇಲ್ಲ. ಹಿಂದ ಹೊಡತ ಬಿದ್ದೈತಿ. ಹಿಂದಕ್ಕ ಹೋಗಿ ಯಾವ್ದಕೋ ಬಡದೈತಿ” ಎಂದರು.

“ಫಟಫಟಿಗೆ ರಿವರ್ಸ್ ಇರ್ತೈತೇನ್ರಿ?” ಎಂದು ನಾನು ನಕ್ಕೆ. ಮಿಸ್ತ್ರಿ ನಗಲಿಲ್ಲ. ಇಂಥ ಟೂ-ಸ್ಟ್ರೋಕ್ ಎಂಜಿನ್ನಿಗೆ ಹಿಂದು ಮುಂದು ಎಂಬ ಭೇದವೇ ಇಲ್ಲ ಎಂದು ತಿಳಿಸಿ ಹೇಳಿದರು. ಅರೆಮನಸ್ಸಿನಿಂದ ಕಿಕ್ ಹೊಡೆದರೆ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಹಾರಿ ಅದನ್ನು ಬಂದ ದಾರಿಯಲ್ಲೇ ವಾಪಸು ನೂಕಿಬಿಡುತ್ತದೆ. ಎಂಜಿನ್ ಉಲ್ಟಾ ತಿರುಗತೊಡಗುತ್ತದೆ. ಸಪ್ಪಳ ಹೆಚ್ಚುಕಡಿಮೆ ಅದೇ. ಗೊತ್ತಿಲ್ಲದವನು ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಮುಖ ಮುಂದೆ ಮಾಡಿಕೊಂಡೇ ಹಿಂದಕ್ಕೆ ಓಡುತ್ತದೆ. ಇದು ನಾನು ಕಲಿಸಿದ ಪುಸ್ತಕದಲ್ಲಿ ಇರಲಿಲ್ಲ. ಬೇಕೆಂದರೂ ರಿವರ್ಸ್ ಹೋಗದ ಕಾರು ಒಂದು ಕಾಲಕ್ಕೆ ನನ್ನದಾಗಿತ್ತು, ಬೇಡವೆಂದರೂ ರಿವರ್ಸ್ ಹೋಗುವ ಗಾಡಿ ಅಪ್ಪನದಾಗಿತ್ತು. ಆದರೆ ಅಪ್ಪ ಅರೆಮನಸ್ಸಿನಿಂದ ಕಿಕ್ ಹೊಡೆಯುವವರಲ್ಲ. ಹಾಗಾದರೆ ಯಾರು?

ಮುಂದಿನ ಭಾನುವಾರ ಭೋಜಕ್ಕೆ ಹೋದೆ. ದಾದಾ ಹೊಲದ ಬದುವಿನ ಮೇಲಿದ್ದ. ಪಕ್ಕದಲ್ಲಿ ಕೂತು, “ಮಿಸ್ತ್ರಿ ಎಂಜಿನ್ ಬಿಚ್ಚಿದ್ರು ದಾದಾ. ಜಾಮ್ ಆಗಿಲ್ಲಂತ” ಎಂದೆ.

ಅವನು ಕೈಯಲ್ಲಿದ್ದ ಕಬ್ಬಿನ ಒಣ ಎಲೆಯ ರವದಿಯನ್ನು ಸೀಳುತ್ತ ಕೂತ. “ಹೂಂ. ಆಗಿದ್ದಿಲ್ಲ” ಎಂದ.

ಆಮೇಲೆ ತಾನಾಗಿಯೇ ಹೇಳಿದ. ನಾನು ಪರೀಕ್ಷೆಗೆಂದು ಬೆಳಗಾವಿಯ ಹಾಸ್ಟೆಲ್ಲಿನಲ್ಲಿದ್ದ ದಿನಗಳು ಅವು. ಕೃಷ್ಣೆಯ ದಂಡೆಯ ಉಗಾರ ಬುದ್ರುಕದಲ್ಲಿ ಅವನಿಗೆ ಹೆಣ್ಣು ನೋಡಲು ಹೋಗಿದ್ದರು. ಅಪ್ಪ ಮತ್ತು ಹಿರಿಯರು ಜೀಪಿನಲ್ಲಿ, ದಾದಾ ಫಟಫಟಿಯ ಮೇಲೆ. ವರ ಗಾಡಿಯ ಮೇಲೆ ಬಂದರೆ ಹೆಣ್ಣಿನ ಕಡೆಯವರ ಕಣ್ಣಿಗೆ ತುಂಬುತ್ತಾನೆ ಎಂಬುದು ಅಪ್ಪನ ಯೋಚನೆ. ನೋಡುವುದು ಮುಗಿಯಿತು, ಅವಲಕ್ಕಿ ಚಹಾ ಮುಗಿಯಿತು, ಜೀಪು ಹೊರಟುಹೋಯಿತು. ದಾದಾ ಹಿಂದಿನಿಂದ ಹೊರಡಲು ಅಂಗಳಕ್ಕೆ ಬಂದ. ಕಿಟಕಿಯಲ್ಲಿ ಹುಡುಗಿ ನಿಂತದ್ದು ಕಂಡಿತು. ಕಾಲು ನಡುಗಿತು. ಕಿಕ್ ಅರ್ಧ ಬಿತ್ತು. ಗಾಡಿ ಚಾಲೂ ಆಯಿತು.

“ನಾ ಮುಂದ ನೋಡ್ಕೋತ ಕ್ಲಚ್ ಬಿಟ್ನಿ” ಎಂದ ದಾದಾ. “ಊರ ಮುಂದಕ್ಕ ಹೊಂಟಿತು. ಮನಿ ಮುಂದಕ್ಕ ಹೊಂಟಿತು. ಕಿಡಕಿ, ಕಿಡಕ್ಯಾಗ ಆಕಿ, ಎಲ್ಲಾ ನನ್ನ ಬಿಟ್ಟ ಮುಂದ ಹೊಂಟ್ರು. ನಾ ಹಿಂದ ಹೊಂಟೀನಿ ಅಂತ ತಿಳಿಯೂದ್ರಾಗ ದನಾ ನೀರ ಕುಡ್ಯೂ ಕಲ್ಲಿನ ದೋಣಿಗೆ ಬಡದು ಅದ್ರಾಗ ಬಿದ್ದೆ. ಹೊಸಾ ಅಂಗಿ. ಒಳಗ ಮುಣಗಿ ಕುಂತಿದ್ದೆ.”

ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. “ಆಮ್ಯಾಲ?”

“ಆಕಿ ಟಾವೆಲ್ ತಗೊಂಡ ಬಂದ್ಲು. ನಗಲಿಲ್ಲ. ಏನೂ ಕೇಳಲಿಲ್ಲ. ‘ನೀರ ಇವತ್ತ ಮುಂಜಾನೇನ ಬದಲಿ ಮಾಡೀವ್ರಿ, ಸ್ವಚ್ಛ ಅದಾವು’ ಅಂದ್ಲು. ನನಗ ಈ ಹೆಂಡ್ತೀನ ಬೇಕು ಅಂತ ಅವಾಗ ಅನಿಸ್ತು.”

ಆ ಹುಡುಗಿಯೇ ನಮ್ಮ ವೈನಿ. ಆಕೆಯ ತಂದೆ ಗಾಡಿಯನ್ನು ಚಕ್ಕಡಿಯಲ್ಲಿ ಹಾಕಿಸಿ ಭೋಜಕ್ಕೆ ಕಳಿಸಿದರಂತೆ. ದಾದಾ ಅಪ್ಪನಿಗೆ ‘ಎಂಜಿನ್ ಜಾಮ್ ಆತು’ ಎಂದನಂತೆ. ಅಪ್ಪ ಹಿಂದಿನ ಮಡ್‌ಗಾರ್ಡನ್ನು ಒಮ್ಮೆ ತಡವಿ ನೋಡಿ, ‘ಆತು ಬಿಡು’ ಎಂದು ತಾವೇ ತಾಡಪತ್ರಿ ಹೊದಿಸಿದರಂತೆ. ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಮನಸ್ಸು ತಿಳಿಯುತ್ತಿದ್ದ ಮನುಷ್ಯ, ಜಾಮ್ ಆದ ಗಾಡಿಗೆ ಒಂದು ದಿನವೂ ಮಿಸ್ತ್ರಿಯನ್ನು ಕರೆಸಲಿಲ್ಲ. ಅವರಿಗೆ ತಿಳಿದಿತ್ತು. ವೈನಿಗೆ ತಿಳಿದಿತ್ತು. ತಿಳಿಯದೆ ನಲವತ್ತು ವರ್ಷ ಹೊಟ್ಟೆಕಿಚ್ಚುಪಟ್ಟವಳು ನಾನೊಬ್ಬಳೇ.

“ನನಗ ಅದರ ಅಂಜಿಕಿ ಸಣ್ಣಂವ ಇದ್ದಾಗಿಂದ ಇತ್ತ ಸುಮಿ” ಎಂದ ದಾದಾ. “ಅದರ ಸಪ್ಪಳಕ್ಕ ಎದಿ ಬಡ್ಕೋತಿತ್ತು. ಅದಕ್ಕ ಕಟ್ಟಿ ಬಿಟ್ಟ ಇಳೀತಿದ್ದಿಲ್ಲ. ಅಪ್ಪ ಕೀಲಿ ಕೊಟ್ಟಾಗ ನಿನ್ನ ಮಾರಿ ನೋಡಿದ್ನಿ. ‘ಇದನ್ನ ಆಕಿಗೆ ಕೊಡ್ರಿ’ ಅಂತ ಬಾಯಿಗೆ ಬಂದಿತ್ತು. ಗಂಡಸಾದಾಂವ ಹೆಂಗ ಅನ್ನೂದು?”

ಕಟ್ಟೆಯ ಮೇಲೆ ಶೇಂಗಾ ತಿನ್ನುತ್ತಿದ್ದ ಯುವರಾಜ ಕೈ ಕೊಳೆಯಾಗುತ್ತದೆಂದು ದೂರ ಕೂತಿರಲಿಲ್ಲ. ಕೈ ನಡುಗುವುದು ಯಾರಿಗೂ ಕಾಣಬಾರದೆಂದು ಅದಕ್ಕೆ ಶೇಂಗಾ ಕೊಟ್ಟು ಕೂಡಿಸಿದ್ದ. ನನಗೆ ಬೇಕಾಗಿದ್ದನ್ನು ನನಗೆ ಕೊಡಲಿಲ್ಲ, ಅವನಿಗೆ ಬೇಡವಾಗಿದ್ದನ್ನು ಅವನು ಬೇಡ ಎನ್ನುವಂತಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದು ನೋಡಿದೆ, ಬರಲಿಲ್ಲ. ತಾಡಪತ್ರಿ ಹೊದಿಸುವಾಗ ಅವರು ಗಾಡಿಯನ್ನಲ್ಲ, ಮಗನನ್ನು ಮುಚ್ಚಿ ಕಾಪಾಡಿದರು ಅನಿಸಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಫಟಫಟಿ ಸಿದ್ಧವಾಯಿತು. ಪಿಸ್ಟನ್ನಿನ ರಿಂಗು ಹೊಸದು, ಟೈರು ಹೊಸದು, ಪೆಟ್ರೋಲ್ ಟಾಕಿಗೆ ಮೊದಲಿನ ಕಡುಗೆಂಪು ಬಣ್ಣ. ಹಿಂದಿನ ಮಡ್‌ಗಾರ್ಡಿನ ತಗ್ಗನ್ನು ಬಡಿದು ಸರಿಮಾಡಲೇ ಎಂದು ಮಿಸ್ತ್ರಿ ಕೇಳಿದಾಗ, ಬೇಡ ಎಂದೆ. ನಮ್ಮ ಮನೆಗೆ ವೈನಿ ಬಂದ ಗುರುತು ಅದು. ಕಾಗದಪತ್ರ ಸರಿಮಾಡಿಸಿದ್ದು, ಮುಂದೆ ಗೇರಿನ ಗಾಡಿಯ ಲೈಸೆನ್ಸಿಗೆ ಎಂಟರ ಆಕಾರದಲ್ಲಿ ಸುತ್ತಿದ್ದು, ಅದು ಒಂಬತ್ತಾದದ್ದು, ಎರಡನೆಯ ಸಲ ಪಾಸಾದದ್ದು, ಇವನ್ನೆಲ್ಲ ಹೇಳಿದರೆ ನೀವು ಆಕಳಿಸುತ್ತೀರಿ.

ಮಾರುಕಟ್ಟೆಯ ಖಾಲಿ ಬಯಲಿನಲ್ಲಿ, ನಾನು ಮೊದಲೇ ಹೇಳಿದ ಆ ಪ್ಯಾಂಟು ತೊಟ್ಟು, ಮೊದಲ ದಿನ ಕಿಕ್ ಹೊಡೆಯಲು ನಿಂತೆ. ಹತ್ತು ಸಲ ಹೊಡೆದೆ. ಗಾಡಿ ಒಮ್ಮೆ ಕೆಮ್ಮಲೂ ಇಲ್ಲ. ಮಾಸ್ತರು ಸುರಕ್ಷಿತ ದೂರದಲ್ಲಿ ಕೊಡೆ ಹಿಡಿದು ನಿಂತಿದ್ದರು.

“ಜೋರ ಮಾಡಬ್ಯಾಡ್ರಿ ಬಾಯಾರ” ಎಂದರು ಮಿಸ್ತ್ರಿ. “ಜೋರ ಬ್ಯಾರೆ, ತೂಕ ಬ್ಯಾರೆ. ಎದ್ದ ನಿಂತು ಮೈತೂಕ ಪೂರ್ತಿ ಅದರ ಮ್ಯಾಲ ಬಿಡ್ರಿ. ನಡುವ ಮನಸ್ ಬದಲಿ ಮಾಡಬ್ಯಾಡ್ರಿ.”

ಜೋರು ನನ್ನಲ್ಲಿ ಇರಲಿಲ್ಲ, ತೂಕ ಧಾರಾಳವಾಗಿತ್ತು. ನಿವೃತ್ತಿಯ ನಂತರ ಅದು ಇನ್ನಷ್ಟು ಕೂಡಿಬಂದಿತ್ತು. ಎದ್ದು ನಿಂತು ಎಲ್ಲವನ್ನೂ ಒಮ್ಮೆಲೇ ಬಿಟ್ಟೆ. ಗಾಡಿ ಸಿಡಿದೆದ್ದಿತು. ಆ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ಮೂಗಿಗೆ ಇಲ್ಲದ ತಂಬಾಕಿನ ಘಾಟು ಬಂತು. ಕಣ್ಣು ತುಂಬಿದ್ದಕ್ಕೆ ಹೊಗೆಯ ಕಾರಣ ಹೇಳಿದೆ. ಮಿಸ್ತ್ರಿ ತಲೆಯಾಡಿಸಿ ಆ ಕಾರಣವನ್ನು ಒಪ್ಪಿದರು. ಎಂಜಿನ್ ಯಾವ ಕಡೆ ತಿರುಗುತ್ತಿದೆಯೆಂದು ಅವರಿಂದ ಎರಡೆರಡು ಸಲ ಖಾತ್ರಿ ಮಾಡಿಕೊಂಡು ಗೇರ್ ಹಾಕಿದೆ. ಬಯಲು ನನ್ನ ಕಡೆ ಬರತೊಡಗಿತು. ಮಾಸ್ತರು ಹಿಂದೆ ಉಳಿದರು. ದಿಕ್ಕು ಸರಿಯಾಗಿತ್ತು.

ಎರಡು ತಿಂಗಳ ಅಭ್ಯಾಸದ ಮೇಲೆ ಒಂದು ಬೆಳಗ್ಗೆ ಒಬ್ಬಳೇ ಚಿಕ್ಕೋಡಿಯಿಂದ ಭೋಜಕ್ಕೆ ಹೊರಟೆ. ಎರಡೂ ಕಡೆ ಕಬ್ಬು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನನ್ನನ್ನು ನೋಡಿ, ಮತ್ತೊಮ್ಮೆ ತಿರುಗಿ ನೋಡಿ, ಯಾವ ಕಾರಣವೂ ಇಲ್ಲದೆ ಹಾರನ್ ಬಾರಿಸಿದ. ನಾನೂ ಬಾರಿಸಿದೆ. ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ವೈನಿ ಹೊರಗೆ ಬಂದವಳು ಮೊದಲು ಹಿಂದಿನ ಮಡ್‌ಗಾರ್ಡ್ ನೋಡಿದಳು. ತಗ್ಗು ಹಾಗೆಯೇ ಇರುವುದು ಕಂಡು, ನನ್ನ ಮುಖ ನೋಡಿ, ಈ ಸಲ ಸೆರಗು ಬಾಯಿಗೆ ಹಿಡಿಯದೆ ಮನಸಾರೆ ನಕ್ಕಳು.

“ದಾದಾ, ಹತ್ತ” ಎಂದೆ.

ಅವನು ಅಂಗಳದಲ್ಲೇ ನಿಂತ. “ನನಗ ಹೊಲದಾಗ ಕೆಲಸ ಐತಿ” ಎಂದ.

“ಕೆಲಸ ಎಲ್ಲೂ ಓಡಿ ಹೋಗಾಂಗಿಲ್ಲ. ಹತ್ರಿ” ಎಂದಳು ವೈನಿ. “ಆಕಿ ಮುಂದಕ್ಕ ಹೊಡೀತಾಳ.”

ಅರವತ್ತೈದರ ದಾದಾ ಹತ್ತಿದ. ನನ್ನ ಎರಡೂ ಭುಜಗಳನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಆ ನೋವು ವಾರದವರೆಗೆ ಇತ್ತು. ಮೆಲ್ಲಗೆ ಹೊರಟೆ. ಓಣಿ ದಾಟುವವರೆಗೆ ಅವನು ಉಸಿರೇ ಬಿಡಲಿಲ್ಲ ಅನಿಸುತ್ತದೆ. ಹೊಳೆಯ ದಾರಿಗೆ ಬಂದಾಗ ಹಿಡಿತ ಸ್ವಲ್ಪ ಸಡಿಲಾಯಿತು. ಹೊಳೆಯ ದಂಡೆಯವರೆಗೆ ಹೋಗಿ ತಿರುಗುವಾಗ ಒಂದು ಕೈ ತೆಗೆದು ತಲೆಯ ಟೋಪಿ ಸರಿಮಾಡಿಕೊಂಡ. ಊರೊಳಗೆ ಬಂದಾಗ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ, ವರ ಕೂತಂತೆ ಕೂತ.

ಕಟ್ಟೆಯ ಮೇಲೆ ಅವನ ಓರಗೆಯ ನಾಲ್ಕೈದು ಜನ ಕೂತಿದ್ದರು. ಒಬ್ಬರು ಎದ್ದು ನಿಂತು ಕೂಗಿ ಕೇಳಿದರು, “ಏನಪಾ, ನಿಮ್ಮ ತಂಗಿ ಫಟಫಟಿ ಹೊಡಿಯಾಕ ಯಾವಾಗ ಕಲತ್ಲು?”

ದಾದಾ ಎದೆಯುಬ್ಬಿಸಿ, ಎಂಜಿನ್ನಿಗಿಂತ ಮೇಲಿನ ದನಿಯಲ್ಲಿ ಹೇಳಿದ. “ಬ್ಯಾರೇ ಯಾರ ಕಲಸ್ತಾರ? ನಾನ ಕಲಿಸೀನಿ.”

ಹಳೆಯ ಗಾಡಿಗಳಲ್ಲಿ ಒಂದು ದೊಡ್ಡ ಗುಣವಿದೆ. ಅವುಗಳ ಮೇಲೆ ಕೂತಾಗ, ಹಿಂದೆ ಕೂತ ಪ್ರೀತಿಯ ಮನುಷ್ಯ ಆಡಿದ್ದು ಕೇಳಿಸಲಿಲ್ಲವೆಂದರೆ ಯಾರಾದರೂ ನಂಬುತ್ತಾರೆ. ನಾನು ಗೇರ್ ಬದಲಿಸಿ ಸ್ವಲ್ಪ ಹೆಚ್ಚು ರೇಸ್ ಕೊಟ್ಟೆ.